ಗಾಬರಿ ಬೇಡ

ರಾಜಧಾನಿಯಿಂದ ಬಂದ ಕಾಗದದಲ್ಲಿ ಇದ್ದದ್ದು ಇಷ್ಟೇ:
ಬಿರುಗಾಳಿ ಸಾಧಾರಣ. ವೇಗ ಗಂಟೆಗೆ ಎಂಬತ್ತು.
ದಡ ಮುಟ್ಟುವುದು ನಾಳೆ ಮಧ್ಯಾಹ್ನ,
ಅಂತಲಾಹದಿಂದ ಅರವತ್ತು ಕಿಲೋಮೀಟರ್ ಉತ್ತರಕ್ಕೆ.
ಹೆಸರು ಫೆಲಾನ.

ಆರಕ್ಕೆ ಓದಿದೆ, ಏಳಕ್ಕೆ ಓದಿದೆ.
ಒಂಬತ್ತಕ್ಕೆ ಓದುವಾಗ ಬಾಯಿಗೆ ಬಂತು, ಸೇರಿಸಿದೆ:
ಗಾಬರಿ ಬೇಡ.

ಅದು ಕಾಗದದಲ್ಲಿ ಇರಲಿಲ್ಲ.

ಮೊಳೆ ತಗಡು ಮಾರುವ ಅಂಗಡಿಯ ಮಹಡಿ ನಮ್ಮ ರೇಡಿಯೊ.
ಹೊರಗಿನ ಸದ್ದು ನುಗ್ಗದಂತೆ ಗೋಡೆ ತುಂಬ
ಮೊಟ್ಟೆಯ ತಟ್ಟೆ ಅಂಟಿಸಿದ್ದೇವೆ.
ಆ ರಾತ್ರಿ ಹೊರಗೆ ಸದ್ದೇ ಇರಲಿಲ್ಲ.
ಕಡಲು ಮಗ್ಗುಲು ಬದಲಿಸದೆ ಮಲಗಿತ್ತು.
ಕೋಳಿಗಳು ಹೊತ್ತಿಗೆ ಮುಂಚೆ ಗೂಡು ಸೇರಿದ್ದವಂತೆ.
ಈಗ ಎಲ್ಲರೂ ಹೇಳುತ್ತಾರೆ,
ಆಗ ಯಾರೂ ಹೇಳಲಿಲ್ಲ.

ಎದುರು ಮನೆಯ ಏಳು ವರ್ಷದ ಫೆಲಾನ
ಹೊಸ್ತಿಲ ಮೇಲೆ ಕುಣಿಯುತ್ತಿದ್ದಳು:
ರೇಡಿಯೊದಲ್ಲಿ ನನ್ನ ಹೆಸರು! ನನ್ನ ಹೆಸರು!
ನಾಳೆ ಬರುತ್ತೇನೆ, ಎಲ್ಲರ ಬಟ್ಟೆ ಹಾರಿಸುತ್ತೇನೆ!
ನಕ್ಕೆವು.

ಬಂದದ್ದು ಮಧ್ಯಾಹ್ನವಲ್ಲ, ರಾತ್ರಿ ಎರಡೂವರೆಗೆ.
ಉತ್ತರಕ್ಕಲ್ಲ, ನೇರ ನೆತ್ತಿಗೆ.

ಮೊದಲು ಒಂದು ತಗಡು ಕೆಮ್ಮಿತು.
ಆಮೇಲೆ ಬೀದಿಯ ಎಲ್ಲ ತಗಡುಗಳೂ.
ಆಮೇಲೆ ಕೆಮ್ಮಲು ತಗಡೇ ಉಳಿಯಲಿಲ್ಲ.

ಗಾಳಿಗೆ ದನಿಯಿರುತ್ತದೆ ಅನ್ನುತ್ತಾರೆ.
ನನಗೆ ಗೊತ್ತಾದದ್ದು ಅದರ ಭಾರ.
ಈಚೆಯಿಂದ ಬಾಗಿಲಿಗೆ ಐವರು ಬೆನ್ನು ಕೊಟ್ಟಿದ್ದೆವು,
ಆಚೆಯಿಂದ ಅದು ಒಂದೇ ಭುಜ.

ವಿಮಾನಪಟ್ಟಿಯ ಗಾಳಿಮಾಪಕ
ನೂರ ತೊಂಬತ್ತು ತೋರಿಸಿ ಮುರಿದುಬಿತ್ತಂತೆ.
ಮುರಿದ ಮೇಲೆ ಎಷ್ಟಿತ್ತೋ.

ಬೆಳಿಗ್ಗೆ ಊರಿಗೆ ಊರೇ ವೆನಿಲಾ ಪರಿಮಳ.
ಕೆಸರಿಗೆ, ಚರಂಡಿಗೆ, ಸತ್ತ ಮೇಕೆಯ ರೋಮಕ್ಕೆ.
ಕಂಬಳಿ ಹೊದಿಸಿ, ಬಿಸಿಲಿಗೆ ಎಬ್ಬಿಸಿ, ಬೆವರಿಸಿ, ಮತ್ತೆ ಮಲಗಿಸಿ,
ರಸುವಾ ಎಂಟು ತಿಂಗಳು ಕೂಸಿನಂತೆ ಸಾಕಿದ ಕೋಡುಗಳು
ಬೀದಿಯಲ್ಲಿ ಕಪ್ಪು ಹುಳುಗಳಂತೆ ಹರಡಿದ್ದವು.
ಪೆಟ್ಟಿಗೆಯನ್ನು ಚರ್ಚಿನ ಅಟ್ಟಕ್ಕೆ ಸಾಗಿಸಲು ಎತ್ತಿದ್ದಳಂತೆ,
ನನ್ನ ಮಾತು ಕೇಳಿ ಇಳಿಸಿದಳಂತೆ.
ಮನೆಯಲ್ಲಿ ಉಪ್ಪು ಮುಗಿದಿದೆ ಅನ್ನುವ ಹಾಗೆ ಹೇಳಿದಳು.

ಮುದುಕ ಜಾವುಜಾಂಡ್ರಿ ಬಂದು ನನ್ನ ಕೈ ಹಿಡಿದ:
ನೀನು ಹೇಳಿದ್ದಕ್ಕೇ ನಾನು ಶಾಲೆಗೆ ಹೋಗಲಿಲ್ಲ,
ಮನೆಯಲ್ಲೇ ಮಲಗಿದೆ.
ಶಾಲೆಯ ಗೋಡೆ ಬಿತ್ತಲ್ಲ ಮಗನೇ, ನಿನ್ನಿಂದ ಉಳಿದೆ.
ಕೈ ಬಿಡಿಸಿಕೊಳ್ಳಲಾಗಲಿಲ್ಲ.
ಈ ಲೆಕ್ಕವನ್ನು ಆ ಲೆಕ್ಕಕ್ಕೆ ವಜಾ ಹಾಕಲು ಬರುವುದಿಲ್ಲ.

ಏಕೆಂದರೆ ವೆಲುಂಜಾರ.
ಹತ್ತು ಗಂಟೆಗೆ ದೋಣಿ ಬಿಚ್ಚಿ,
ದಿಬ್ಬದಾಚೆ ಇಟ್ಟಿದ್ದ ಸಿಗಡಿ ಬುಟ್ಟಿ ತರಲು ಹೋದವನು.
ಸಾಧಾರಣ ಗಾಳಿಯಲ್ಲವೇ, ಅಷ್ಟರಲ್ಲಿ ಬರುತ್ತೇನೆ, ಅಂದಿದ್ದನಂತೆ.

ಅವನ ಹೆಂಡತಿ ಸುವನಿರಿನ
ಸೂರಿಲ್ಲದ ಮಹಡಿಗೆ ಮೆಟ್ಟಿಲು ಹತ್ತಿ ಬಂದಳು.
ಬಯ್ಯುತ್ತಾಳೆ ಎಂದು ಎದ್ದು ನಿಂತೆ.
ಫೋನಿಗೆ ಚಾರ್ಜ್ ಸಿಗುತ್ತದೆಯೇ, ಕೇಳಿದಳು.
ಇದ್ದದ್ದು ಒಂದು ಲಾರಿಯ ಬ್ಯಾಟರಿ.
ಕೆಂಪು ಗೆರೆ ಹಸಿರಾಗುವ ತನಕ
ಒದ್ದೆ ಮೊಟ್ಟೆತಟ್ಟೆಗೆ ಒರಗಿ ಕೂತಳು.
ಆಮೇಲೆ ಅವನ ನಂಬರು ಒತ್ತಿದಳು.
ಕಿವಿಗಿಟ್ಟಳು.
ಮತ್ತೆ ಒತ್ತಿದಳು.

ಸಂಜೆ ಪುಟ್ಟ ಫೆಲಾನ ಬಂದಳು.
ಯಾರೂ ಅವಳನ್ನು ಆಟಕ್ಕೆ ಕರೆಯುತ್ತಿಲ್ಲ,
ಕರೆಯಲು ಆ ಹೆಸರು ಎತ್ತಬೇಕಲ್ಲ.
ನನ್ನ ಹೆಸರು ಬದಲಾಗಿದೆ ಎಂದು ರೇಡಿಯೊದಲ್ಲಿ ಹೇಳು.
ಏನೆಂದು ಬದಲಾಗಿದೆ?
ಉಗುರು ಕಚ್ಚುತ್ತ ಯೋಚಿಸಿದಳು.
ಇನ್ನೂ ಗೊತ್ತಿಲ್ಲ. ಬದಲಾಗಿದೆ ಅಂತ ಮಾತ್ರ ಹೇಳು.

ಮೂರನೆಯ ದಿನ ಇನ್ನೊಂದು ಕಾಗದ.
ಹಗುರ ಮಳೆ. ಗಾಳಿ ನಲವತ್ತು.
ಇದ್ದದ್ದನ್ನು ಇದ್ದ ಹಾಗೆ ಓದಿದೆ,
ಪೂರ್ಣವಿರಾಮವನ್ನೂ ದಾಟಲಿಲ್ಲ.
ಬಾಯಿಗೆ ಬಂದದ್ದನ್ನು ನುಂಗಿದೆ.

ಕೆಳಗೆ ಬೀದಿಯಲ್ಲಿ ಒಂದೇ ರೇಡಿಯೊಗೆ
ಮೂವತ್ತು ತಲೆ ಬಾಗಿದ್ದವು.
ರಸುವಾ ಕತ್ತೆತ್ತಿ ಕೂಗಿದಳು:
ಅಷ್ಟೇನಾ? ಇನ್ನೇನಾದರೂ ಹೇಳಪ್ಪಾ.

ಮೈಕು ಇನ್ನೂ ಆರಿಸಿರಲಿಲ್ಲ.
ನನ್ನ ಉಸಿರು ಊರಿಗೆಲ್ಲ ಕೇಳಿಸುತ್ತಿತ್ತು.