ಹಿಮ್ಮಡಿ ಎಲ್ಲಿದೆ

ಬೆಳಗಿನ ಐದಕ್ಕೆ ಬಳ್ಳಾರಿಯಲ್ಲಿ
ಮಾಳಿಗೆ ಇನ್ನೂ ನಿನ್ನೆಯ ಬಿಸಿಲು ಬಿಡುತ್ತಿರುತ್ತದೆ.
ಬರಿಗಾಲಿಗೆ ಅದು ಗೊತ್ತು.
ಸಿಂಟೆಕ್ಸ್ ಟ್ಯಾಂಕಿನ ಪಕ್ಕ, ಒಣಗಲು ಹರಡಿದ ಮೆಣಸಿನಕಾಯಿಯ ಈಚೆ
ಆರು ಚಪ್ಪಡಿಯಷ್ಟು ಜಾಗ ನನ್ನದು.

ಹೆಸರು ಸುಂಕಮ್ಮ. ವಯಸ್ಸು ನಲವತ್ತೊಂದು.
ಹಳದಿ ಬೆಲ್ಟು.
ನಗುವವರು ನಕ್ಕು ಮುಗಿಸಿ ವರ್ಷವಾಯಿತು.

ಕಲಿಯಲು ಹೋದವಳು ಮಗಳು.
ಮೂರನೇ ವಾರಕ್ಕೆ ಮಂಡಿ ತರಚಿಕೊಂಡು ಒಲ್ಲೆ ಎಂದಳು.
ಆರು ತಿಂಗಳ ಫೀಸು ಕಟ್ಟಿಯಾಗಿತ್ತು,
ಜಿಲಾನ್ ಮಾಸ್ಟರ್ ವಾಪಸು ಕೊಡುವ ಆಸಾಮಿಯಲ್ಲ.
"ದುಡ್ಡು ಯಾಕ ಕಳಕೊಂತೀರಿ ಅಕ್ಕ, ನೀವೇ ಬರ್ರಿ" ಅಂದರು,
ಚೇಷ್ಟೆಗೆ.
ನಾನು ಹೋದೆ. ಚೇಷ್ಟೆಗಲ್ಲ.

ಅಂಗಿ ನಾನೇ ಹೊಲಿದದ್ದು,
ಜೀನ್ಸಿನ ಒಳಜೇಬಿಗೆ ಹಾಕುವ ಬಿಳಿ ಬಟ್ಟೆಯ ತುಂಡುಗಳಿಂದ.
ಎಣಿಸಿದರೆ ಮೂವತ್ತೆರಡು ಜೇಬು ಮೈಮೇಲೆ,
ಒಂದರಲ್ಲೂ ಚಿಲ್ಲರೆಯಿಲ್ಲ.
ಕೈಗೆ ಹತ್ತಿದ ನೀಲಿ ಮಾತ್ರ ಹೋಗುವುದಿಲ್ಲ;
ಮುಷ್ಟಿ ಕಟ್ಟಿದರೆ ಉಗುರಿನ ಸಂದಿಯಲ್ಲಿ
ಸಣ್ಣ ಸಣ್ಣ ಸಂಜೆಗಳು.

ಇಚಿ, ನಿ, ಸಾನ್, ಎಣಿಸುತ್ತಾರೆ ಮಾಸ್ಟರ್.
ಐದರ ತನಕ ನನಗೆ ಅವರ ಲೆಕ್ಕ,
ಆಮೇಲೆ ಅವ್ವನ ತೆಲುಗು: ಆರು, ಏಡು, ಎನಿಮಿದಿ.
ಉಸಿರು ಕಟ್ಟಿದಾಗ ಯಾವ ಭಾಷೆ ಬರುತ್ತದೋ
ಅದರಲ್ಲೇ ಒದೆಯುವುದು.

ಭಾನುವಾರ ಶಾಲೆಯ ಮೈದಾನದಲ್ಲಿ ಅವರ ಪಾಠ ಒಂದೇ.
ಕಟಾ ಅರ್ಧಕ್ಕೆ ಬಂದಾಗ, ಬೆನ್ನ ಹಿಂದಿನಿಂದ, ಮೆಲ್ಲಗೆ:
"ಸುಂಕಕ್ಕ, ಎಲ್ಲಿದೀರಿ?"
"ಇಲ್ಲೇ ಸರ್."
"ಹಿಮ್ಮಡಿ ಇಲ್ಲಿಲ್ಲಲ್ಲ."

ನಿಜ. ಹಿಮ್ಮಡಿ ಮಷಿನ್ನಿನ ಪೆಡಲ್ ಮೇಲಿತ್ತು.
ಮನಸ್ಸು ಅದಕ್ಕೂ ಮುಂದೆ, ಬೀದಿ ನಲ್ಲಿಯ ಹತ್ತಿರ,
ವಾರ ದಾಟಿ ಬರುವ ನೀರಿಗೆ ಕೊಡ ಸಾಲಿಗಿಟ್ಟು
ಪಕ್ಕದ ಮನೆಯವಳ ಜೊತೆ ಜಗಳ ತೆಗೆದಿತ್ತು.
ಅಲ್ಲಿ ಗೆದ್ದೆ.
ಇಲ್ಲಿ ಹನ್ನೊಂದನೇ ತಿರುವಿನಲ್ಲಿ
ಎಡಕ್ಕೆ ಹೋಗಬೇಕಾದವಳು ಬಲಕ್ಕೆ ತಿರುಗಿ
ಒಂಬತ್ತು ವರ್ಷದ ಹುಡುಗನೊಬ್ಬನ ಎದುರು ಮುಷ್ಟಿ ಎತ್ತಿ ನಿಂತಿದ್ದೆ.
ಅವನು ಕಣ್ಣಲ್ಲೇ ತಿದ್ದಿದ: ಆಂಟಿ, ಆ ಕಡೆ.

ಸೂಜಿ ಇದನ್ನು ಮೊದಲೇ ಕಲಿಸಿತ್ತು ಅನ್ನಿ.
ದಪ್ಪ ಬಟ್ಟೆಯ ನಾಲ್ಕು ಪದರ ಕೂಡುವಲ್ಲಿ
ಮನಸ್ಸು ಒಂದೇ ಹೊಲಿಗೆ ಆಚೆ ಹೋದರೂ
ತೋರುಬೆರಳು ಪ್ಯಾಂಟಿನ ಜೊತೆಗೇ ಹೊಲಿದುಹೋಗುತ್ತದೆ.
ಆದರೆ ಸೂಜಿ ಹೆದರಿಸಿ ಕಲಿಸುತ್ತದೆ.
ಮಾಳಿಗೆ ಹೆದರಿಸುವುದಿಲ್ಲ. ತಪ್ಪಿದರೆ ನೋಡುವವರಿಲ್ಲ,
ಅದಕ್ಕೇ ಕಷ್ಟ.

ಮೊನ್ನೆ ಶನಿವಾರ ಬಂಡಲ್ ಎಣಿಸುತ್ತ
ಸೂಪರ್‌ವೈಸರ್ ತಿಪ್ಪೇರುದ್ರ ನಲವತ್ತಾರು ಎಂದು ಬರೆದುಕೊಂಡ.
ನಲವತ್ತೆಂಟು. ಹೊಲಿದವಳು ನಾನು.
ಮೈಯೊಳಗಿನ ಪಾಠಗಳೆಲ್ಲ ಒಟ್ಟಿಗೆ ಎದ್ದವು,
ಮೊಣಕೈ, ಅಂಗೈಯ ಅಂಚು, ಮೊಣಕಾಲು.
ಅವನ ಗಂಟಲು ಸರಿಯಾಗಿ ನನ್ನ ತೋಳಿನಳತೆಯ ದೂರ.
ಹಿಮ್ಮಡಿ ಎಲ್ಲಿದೆ ಎಂದು ನೋಡಿಕೊಂಡೆ.
ನೆಲದ ಮೇಲಿತ್ತು. ಎರಡೂ.

ಬಂಡಲ್ ಬಿಚ್ಚಿದೆ.
ಒಂದೊಂದೇ ಪ್ಯಾಂಟು ಅವನ ಮೇಜಿನ ಮೇಲೆ ಇಡುತ್ತ ಹೋದೆ,
ಒಂದು, ಎರಡು, ಅವಸರವಿಲ್ಲದೆ,
ಹದಿನೆಂಟರ ಹೊತ್ತಿಗೆ ಸುತ್ತಲಿನ ಮಷಿನ್ನುಗಳು ನಿಂತವು.
ನಲವತ್ತೇಳಕ್ಕೆ ಅವನೇ ಪೆನ್ನು ತೆಗೆದ.
ಎರಡು ಪೀಸಿಗೆ ಹದಿನಾರು ರೂಪಾಯಿ.

ರಾತ್ರಿ ಕೈ ನಡುಗಿತು, ರೊಟ್ಟಿ ಬಡಿಯಲಾಗಲಿಲ್ಲ.
ಮಗಳೇ ಅನ್ನಕ್ಕಿಟ್ಟಳು.

ಇವತ್ತು ಮತ್ತೆ ಐದು ಗಂಟೆ.
ಕೋಟೆ ಗುಡ್ಡ ಕತ್ತಲಿನಿಂದ ಪೂರ್ತಿ ಹೊರಬಂದಿಲ್ಲ.
ಕೌಲ್ ಬಜಾರಿನ ಕಡೆಯಿಂದ ಆಜಾನ್, ಅದರ ಬೆನ್ನಿಗೇ ಹಾಲಿನ ಆಟೋ.
ಏಳನೇ ಹೆಜ್ಜೆಯ ತನಕ ಇಲ್ಲೇ ಇದ್ದೆ.
ಎಂಟಕ್ಕೆ ಆ ಹದಿನಾರು ರೂಪಾಯಿ
ಎದೆಯುಬ್ಬಿಸಿಕೊಂಡು ಎದುರಿಗೆ ಬಂತು.
ಹನ್ನೊಂದನೇ ತಿರುವಿನಲ್ಲಿ ಮತ್ತೆ ಬಲಕ್ಕೆ.

ಸರಿ.
ಕಾಲು ಜೋಡಿಸಿ,
ಬಗ್ಗಿ,
ಇಚಿ.