ಕತ್ತಲಕೋಣೆಯ ಹುದ್ದೆ

ನಮ್ಮ ವಿಭಾಗದಲ್ಲಿ ಕತ್ತಲಕೋಣೆ ಮುಚ್ಚಿ ಆರು ವರ್ಷ.
ಈಗಲ್ಲಿ ಪೊರಕೆ, ಫಿನಾಯಿಲು, ಕಾಲು ಮುರಿದ ಸ್ಟೂಲು,
ನಮ್ಮ ಬುತ್ತಿ ಡಬ್ಬಿ.
ಪಗಾರದ ಪಟ್ಟಿಯಲ್ಲಿ ಮಾತ್ರ ಅದಿನ್ನೂ ತೆರೆದೇ ಇದೆ:
ಡಾರ್ಕ್‌ರೂಮ್ ಅಟೆಂಡರ್, ಹುದ್ದೆ ಒಂದು, ಕಾಯಂ,
ಹೆಸರು ಯಂಕೋಬ, ಊರು ಗಬ್ಬೂರು.

ನಾನು ಹಂಪಮ್ಮ. ಎಕ್ಸ್‌ರೇ ಡಿಪ್ಲೊಮಾ, ಫಸ್ಟ್ ಕ್ಲಾಸು.
ಏಜೆನ್ಸಿಯ ಹಾಜರಿ ಪುಸ್ತಕದಲ್ಲಿ
ಸೆಕ್ಯುರಿಟಿಯ ಕೆಳಗೆ, ಲಾಂಡ್ರಿಯ ಮೇಲೆ ನನ್ನ ಸಾಲು.
ಪಿ.ಎಫ್. ಹಿಡಿದು, ಯಾವುದೋ ಚಾರ್ಜು ಹಿಡಿದು
ಕೈಗೆ ಬರೋದು ಹದಿನಾಲ್ಕು ಸಾವಿರದ ಚಿಲ್ಲರೆ,
ಬಂದ ತಿಂಗಳು.
ಯಂಕೋಬಣ್ಣನಿಗೆ ಅದರ ಮೂರರಷ್ಟು.
ಮೊದಮೊದಲು ಹೊಟ್ಟೆ ಉರಿಯಿತು, ಸುಳ್ಳೇಕೆ.
ಕತ್ತಲಿಗೂ ಇಷ್ಟು ಕೊಡ್ತಾರಾ ಅಂದಿದ್ದೆ ಒಮ್ಮೆ,
ಆತನಿಗೆ ಕೇಳುವ ಹಂಗೆ.
ಆತ ನಕ್ಕು, ತನ್ನ ಡಬ್ಬಿಯ ಪುಂಡಿಪಲ್ಲೆ
ಅರ್ಧ ನನ್ನ ರೊಟ್ಟಿ ಮೇಲೆ ಬಡಿಸಿದ್ದ.

ಎ.ಸಿ. ಇದೆ, ಯಂತ್ರಕ್ಕೆ.
ಮೇ ತಿಂಗಳ ರಾಯಚೂರು ಕಾರಿಡಾರಿನಲ್ಲಿ
ಚೀಟಿ ಹಿಡಿದು ಕೂತಿರುತ್ತದೆ.
ಹಟ್ಟಿಯ ಎದೆ, ಶಕ್ತಿನಗರದ ಎದೆ,
ಹತ್ತಿ ಮಿಲ್ಲಿನ ಎದೆ, ಹೆಸರು ಕೂಗಿದ ಹಾಗೆ ಒಳಗೆ.
ಗದ್ದ ಮ್ಯಾಲೆ, ಭುಜ ಮುಂದ,
ಉಸಿರು ಎಳೀರಿ. ಹಿಡೀರಿ. ಬಿಡ್ರಿ.
ನಿದ್ದೆಗಣ್ಣಿನಲ್ಲೂ ಹೇಳ್ತೀನಂತೆ, ತಂಗಿ ನಗುತ್ತಾಳೆ.

ತೆಗೆಯುವವಳು ನಾನು.
ಓದುವವರು ಹೈದರಾಬಾದಿನಲ್ಲಿ, ಮುಖ ನೋಡಿಲ್ಲ,
ಒಂದು ಎದೆಗೆ ಇಷ್ಟು ಅಂತ ಅವರ ಲೆಕ್ಕ,
ಸಂಜೆಗೆ ಎರಡು ಸಾಲು ಬರುತ್ತದೆ.
ಪಕ್ಕದ ಸ್ಕ್ಯಾನಿಂಗ್ ಕೋಣೆಗೆ ಬೋರ್ಡಿದೆ:
ಗಂಡೋ ಹೆಣ್ಣೋ ಹೇಳುವುದಿಲ್ಲ.
ನನ್ನ ಬಾಗಿಲಿಗೆ ಬೋರ್ಡಿಲ್ಲ, ಆದರೂ ಏನೂ ಹೇಳುವಂತಿಲ್ಲ.
ಅಂಗಿಗೆ ಸಿಕ್ಕಿಸಿದ ಬ್ಯಾಡ್ಜೊಂದು
ನನಗೆಷ್ಟು ಕಿರಣ ತಾಗಿತೆಂದು ಬರೆದಿಟ್ಟುಕೊಳ್ಳುತ್ತದೆ,
ಮೂರು ತಿಂಗಳಿಗೊಮ್ಮೆ ತಪ್ಪದೆ ಹೋಗುತ್ತದೆ, ತಪ್ಪದೆ ಬರುತ್ತದೆ.
ಏಜೆನ್ಸಿಯವರಿಗಿಂತ ನೆಟ್ಟಗಿನ ಲೆಕ್ಕ.

ನಿನ್ನೆ ಕ್ಯೂ ಕರಗಿದ ಮೇಲೆ, ಊಟದ ಹೊತ್ತಿಗೆ,
ಆತ ಅಂಗಿ ಬಿಚ್ಚಿ ಸ್ಟ್ಯಾಂಡಿಗೆ ಆನಿಕೊಂಡ.
'ಒಂದು ತೆಗಿಯವ್ವ, ಚೀಟಿ ಆಮ್ಯಾಲೆ ಮಾಡಿಸ್ತೀನಿ.
ಕೆಮ್ಮು ಬಿಡವಲ್ದು.'
ನಾನು ಹೇಳುವ ಮೊದಲೇ ಗದ್ದ ಮೇಲಿತ್ತು, ಭುಜ ಮುಂದಿತ್ತು.
ಉಸಿರು ಮಾತ್ರ ನಿಲ್ಲಲಿಲ್ಲ,
ಎರಡನೇ ಸಲ ತೆಗೆದೆ.

ಪರದೆಯ ಮೇಲೆ ಪಕ್ಕೆಲುಬು ಒಂದೊಂದಾಗಿ ಬಂದವು.
ಬಲಗಡೆ, ಮೇಲೆ, ಹೆಗಲೆಲುಬಿನ ಕೆಳಗೆ...
ಮೌಸು ಸುಮ್ಮನೆ ಅತ್ತಿತ್ತ ಆಡಿಸಿದೆ.
'ಡಾಕ್ಟರ್ ನೋಡಿ ಹೇಳ್ತಾರ, ಯಂಕೋಬಣ್ಣ.'

ಆತ ಕನ್ನಡಕ ಒರೆಸಿಕೊಂಡು ಬಗ್ಗಿದ.
ಮೂವತ್ತೊಂದು ವರ್ಷ
ಕೆಂಪು ಬಲ್ಬಿನ ಬುಡದಲ್ಲಿ, ತೊಟ್ಟಿಯಿಂದೆತ್ತಿ,
ನೀರು ಸೋರುವ ಎದೆಗಳನ್ನು ಕ್ಲಿಪ್ಪಿಗೆ ನೇತುಹಾಕುತ್ತಾ
ಎಲ್ಲ ಡಾಕ್ಟರಿಗಿಂತ ಮೊದಲು ನೋಡಿದ ಕಣ್ಣು.
ಅದಕ್ಕೆ ಹುದ್ದೆಯಿಲ್ಲ.

ಬಹಳ ಹೊತ್ತು ನೋಡಿದ.
'ಚಲೋ ತೆಗ್ದೀಯವ್ವ,' ಅಂದ. 'ಒಂಚೂರೂ ಅಲುಗಿಲ್ಲ.'
ಅಂಗಿ ಹಾಕಿಕೊಂಡ, ಗುಂಡಿ ಒಂದು ಮನೆ ತಪ್ಪಿತ್ತು.
ಕತ್ತಲಕೋಣೆಯ ಹೊರಗಿನ ಹಳೇ ಸ್ವಿಚ್ಚು ಒತ್ತಿ
ಒಳಗೆ ಹೋಗಿ ಬಾಗಿಲು ಎಳೆದುಕೊಂಡ.

ಬಾಗಿಲ ಮೇಲಿನ ಕೆಂಪು ದೀಪ
ಇಷ್ಟು ವರ್ಷಕ್ಕೂ ಹತ್ತಿತು.
ಅದು ಉರಿಯುವಾಗ ಯಾರೂ ಬಾಗಿಲು ತೆಗೆಯುವಂತಿಲ್ಲ.

ನನ್ನ ಬುತ್ತಿ ಒಳಗಿತ್ತು.
ಕಾದೆ.