ಒಂದೇ ಝೋಂಬಿ

ಬಜೆಟ್ಟಿನಲ್ಲಿ ಇದ್ದದ್ದು ಒಂದೇ ಝೋಂಬಿ.
ಅದೂ ರಾತ್ರಿ ಪಾಳಿ ಮುಗಿಸಿ ಬರಬೇಕು
ದಕ್ಕೆಯ ಐಸ್ ಪ್ಲಾಂಟಿನಿಂದ, ಬಸ್ಸಿನಲ್ಲಿ,
ಟಿಕೇಟು ತನ್ನದೇ.

ನಾನು ಮದುಮಗಳಂದಿರ ಮುಖ ಬರೆಯುವವಳು.
ಕಂಕನಾಡಿಯಲ್ಲಿ ಒಂದು ಕುರ್ಚಿಯ ಪಾರ್ಲರು,
ಹದಿನಾರು ವರ್ಷದಿಂದ ಕಲೆ ಮುಚ್ಚುವುದೇ ಕೆಲಸ.
ಲವೀನಾ ಬಂದು ಹೇಳಿದಳು,
ಪ್ರೆಸಿಲ್ಲಕ್ಕಾ, ಈ ಸಲ ಕಲೆ ಮಾಡಿ ಕೊಡಬೇಕು.
ಟಿಶ್ಯೂ, ಅಂಟು, ಮುಲ್ತಾನಿ ಮಿಟ್ಟಿ,
ರಕ್ತಕ್ಕೆ ಪುನರ್ಪುಳಿ ಕುದಿಸಿ ಬತ್ತಿಸಿದ್ದು.
ಜಾಸ್ತಿ ಬೇಡ ಅಕ್ಕಾ, ಒಣಗಿರಬೇಕು,
ಸತ್ತು ಮೂರು ದಿನ ಆಗಿದೆ ಅವನು.

ಕಥೆ ಕೇಳಿದರೆ ನೀವೂ ನಗುತ್ತೀರಿ.
ಬೋಳಾರದ ಬಾಡಿಗೆ ಕೋಣೆಗೆ ಗಂಡ ಬರುತ್ತಾನೆ, ಸತ್ತವನು.
ಹೆಂಡತಿ ಬಾಗಿಲು ತೆಗೆದವಳು ಕಿರಿಚುವುದಿಲ್ಲ,
ಚಪ್ಪಲಿ ಹೊರಗೆ ಬಿಡಿ ಅನ್ನುತ್ತಾಳೆ.
ಆಮೇಲೆ ಒಂದು ಗಂಟೆ ಹತ್ತು ನಿಮಿಷ
ಅವನ ಉಗುರು ತೆಗೆಯುತ್ತಾಳೆ, ಗಂಜಿ ಬಡಿಸುತ್ತಾಳೆ.
ಅವನು ಗಂಜಿ ಬಿಟ್ಟು ಅವಳ ಕೈ ನೋಡುತ್ತಾನೆ.
ಕಚ್ಚುವುದಿಲ್ಲ.
ಅಷ್ಟೇ.

ಹಂಪನಕಟ್ಟೆಯಲ್ಲಿ ಮಹಡಿ ಮೇಲಿನ ಹಾಲು,
ನಲವತ್ತೊಂದು ಜನ.
ಹಿಂದಿನ ಸಾಲಿನ ಹುಡುಗರು ಕೂಗಿದರು:
ಕಚ್ಚು ಮಾರಾಯ, ಒಮ್ಮೆ ಕಚ್ಚು!
ಸುಳ್ಳೇಕೆ, ಮನಸ್ಸಿನೊಳಗೆ ನಾನೂ ಹೇಳಿದೆ.
ಇಂಟರ್ವಲ್ ಇರಲಿಲ್ಲ, ಆದರೂ ಎದ್ದು ಹೋದರು.
ಉಳಿದವರು ಹನ್ನೊಂದು, ಅದರಲ್ಲಿ ನಾವೇ ಆರು.
ಕೊಡೆ ಹಿಡಿದ ಒಬ್ಬರು ಹಿರಿಯರು
ದುಡ್ಡು ವಾಪಸು ಕೇಳಲಿಲ್ಲ ಪಾಪ,
ಲವೀನಾಳ ಹತ್ತಿರ ಹೋಗಿ ಅಂದರು,
ಹೆದರುವ ಜಾಗ ಎಲ್ಲಿ ಅಂತ ಮೊದಲೇ ಹೇಳಿದ್ದರೆ
ಅಲ್ಲಿ ಹೆದರುತ್ತಿದ್ದೆನಲ್ಲ ಮಗಾ.

ನಾನು ಹೇಳಬಹುದಿತ್ತು. ಆದರೆ ಅದು ಪಿಕ್ಚರಿನಲ್ಲಿಲ್ಲ.

ಆರನೇ ದಿನ, ಬೆಳಿಗ್ಗೆ ಏಳಕ್ಕೆ
ದಾಮೋದರ ತಿಂಗಳಾಯ ಕುರ್ಚಿಗೆ ಕೂತವನೇ ನಿದ್ದೆಗೆ ಬಿದ್ದ.
ತಲೆಯ ಭಾರ ಪೂರಾ ನನ್ನ ಎಡಗೈಗೆ.
ಎಬ್ಬಿಸಲು ಮನಸ್ಸಾಗಲಿಲ್ಲ.
ಬಲಗೈಯಲ್ಲೇ ಕಣ್ಣಡಿಗೆ ಬೂದಿ ಎಳೆದೆ,
ತುಟಿಯ ಕೆಂಪು ತೆಗೆದೆ,
ಕೆನ್ನೆಗೆ ಟಿಶ್ಯೂ ಹರಿದು ಅಂಟಿಸಿದೆ.
ಉಗುರು ನೀಲಿ ಇತ್ತು,
ಅದಕ್ಕೆ ನಾನು ಬಣ್ಣ ಹಚ್ಚಿರಲಿಲ್ಲ.
ಒಳ್ಳೆಯ ಕೆಲಸ, ನಾನೇ ಹೇಳಬೇಕು.
ಹಿಂದೆ ಸರಿದು ನೋಡುವ ಹಾಗಿಲ್ಲ, ತಲೆ ಕೈಯಲ್ಲಿ.
ಅಷ್ಟು ಹತ್ತಿರದಿಂದ ನೋಡಬಾರದಿತ್ತು.

ಬ್ರಷ್ ಕೆಳಗಿಟ್ಟು
ಅವನ ಮೂಗಿನಡಿಗೆ ಬೆರಳು ಹಿಡಿದೆ.
ಹೊರಗೆ ಮೀನಿನ ಸ್ಕೂಟರಿನ ಹಾರ್ನು
ಮೂಲೆ ತಿರುಗಿ ಹೋಯಿತು.
ಬೆರಳಿಗೆ ಏನೂ ತಾಗಲಿಲ್ಲ.

ಮತ್ತೆ ತಾಗಿತು,
ಬಿಸಿ, ಬೀಡಿಯ ವಾಸನೆ.

ಲವೀನಾ ಈಗ ಎರಡನೆಯದು ಬರೆಯುತ್ತಿದ್ದಾಳೆ,
ಇದರಲ್ಲಿ ಇಬ್ಬರು ಝೋಂಬಿಗಳಂತೆ.
ಮದುವೆ ಸೀಸನ್ ಮುಗಿಯಲಿ ಎಂದಿದ್ದೇನೆ.
ನಿನ್ನೆ ವಾಮಂಜೂರಿನ ಮದುಮಗಳು
ಕಣ್ಣು ಮುಚ್ಚಿ, ತಲೆ ಒರಗಿಸಿ ಕೂತಿದ್ದಳು.
ಐಲೈನರ್ ಎತ್ತಿಕೊಂಡವಳು
ಒಂದು ಗಳಿಗೆ ಅವಳ ಮೂಗಿನಡಿಗೆ
ಎಂತ ಅಕ್ಕಾ? ಅಂದಳು.
ಎಂತದೂ ಇಲ್ಲ, ಪೌಡರು ಕೂತಿದೆಯಾ ನೋಡಿದ್ದು.